ಹಳೆ ಮನೆಯ ಇಟ್ಟಿಗೆ ಪಾಯಕ್ಕೆ ನೀರಿನ ಕಾಟ: ಸಿಮೆಂಟ್ ಬಳಿಸುವ ಮುನ್ನ ತಿಳಿಯಬೇಕಾದ ಸಂಗತಿಗಳು

ಮಳೆಗಾಲ ಮುಗಿಯುತ್ತಿದ್ದಂತೆ ಊರಿನ ಹಳೆ ಮನೆಯಿಂದ ಮುಂಬೈಗೋ ಪುಣೆಗೋ ವಾಟ್ಸ್‌ಆ್ಯಪ್‌ನಲ್ಲಿ ಒಂದು ಫೋಟೊ ಬರುತ್ತದೆ. ನಡುಮನೆಯ ಗೋಡೆಯ ಬುಡದಿಂದ ಮೂರಡಿ ಎತ್ತರದವರೆಗೆ ಕಂದು ಕಲೆ. ಬಣ್ಣ ಸುಲಿದು ಜೋತಾಡುತ್ತಿದೆ. ನೆಲದ ಮೇಲೆ ಉಪ್ಪಿನಂಥ ಬಿಳಿ ಪುಡಿ ಉದುರಿದೆ. ಫೋಟೊದ ಹಿಂದೆಯೇ ಕಂಟ್ರ್ಯಾಕ್ಟರ್ ಬರೆದುಕೊಟ್ಟ ಅಂದಾಜು ಪಟ್ಟಿಯೂ ಬರುತ್ತದೆ: ಹಳೆ ಗಾರೆ ಕಿತ್ತು ಸಿಮೆಂಟ್ ಪ್ಲಾಸ್ಟರ್, ಅದರ ಮೇಲೆ ವಾಟರ್‌ಪ್ರೂಫ್ ಕೋಟಿಂಗ್, ಮನೆಯ ಸುತ್ತ ಕಾಂಕ್ರೀಟ್. ದೂರದಲ್ಲಿರುವವರು ಹಣ ಕಳಿಸುತ್ತಾರೆ. ಎರಡು ವರ್ಷ ಗೋಡೆ ಹೊಸದರಂತೆ ಹೊಳೆಯುತ್ತದೆ. ಮೂರನೇ ವರ್ಷ ಕಲೆ ಮತ್ತೆ ಕಾಣಿಸಿಕೊಳ್ಳುತ್ತದೆ, ಈ ಸಲ ಐದಡಿ ಎತ್ತರದಲ್ಲಿ.

ಇದು ಕಳಪೆ ಕೆಲಸದಿಂದಲೇ ಆಗಬೇಕೆಂದಿಲ್ಲ. ಸಿಮೆಂಟ್ ಕೆಲಸ ಎಷ್ಟು ಅಚ್ಚುಕಟ್ಟಾಗಿರುತ್ತದೋ ಅಷ್ಟೂ ಹಳೆ ಗೋಡೆಗೆ ತೊಂದರೆ ಹೆಚ್ಚು. ಕಾರಣ ತಿಳಿಯಬೇಕಾದರೆ ಹಳಬರು ಕಟ್ಟಿದ ಇಟ್ಟಿಗೆ ಪಾಯ ನೀರಿನೊಂದಿಗೆ ಹೇಗೆ ಹೊಂದಿಕೊಂಡಿತ್ತು ಎಂಬುದನ್ನು ಮೊದಲು ನೋಡಬೇಕು.

ಹೀರುವುದು, ಬಿಡುವುದು

ಸುಟ್ಟ ಇಟ್ಟಿಗೆ ಸಣ್ಣ ಸಣ್ಣ ರಂಧ್ರಗಳಿಂದ ತುಂಬಿದ ವಸ್ತು. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆಯುವಂತೆ ಇದು ಮಣ್ಣಿನ ತೇವವನ್ನು ಮೇಲಕ್ಕೆಳೆಯುತ್ತದೆ. 24 ಗಂಟೆ ನೀರಿನಲ್ಲಿಟ್ಟ ಸಾಮಾನ್ಯ ಇಟ್ಟಿಗೆ ತನ್ನ ತೂಕದ ಶೇ. 20ಕ್ಕಿಂತ ಹೆಚ್ಚು ನೀರು ಹೀರಬಾರದು ಎಂಬುದು ಭಾರತೀಯ ಮಾನಕದ ನಿಯಮ. ಅಂದರೆ ಮೂರು ಕೆಜಿ ತೂಗುವ ಒಳ್ಳೆಯ ಇಟ್ಟಿಗೆಯೂ ಅರ್ಧ ಲೀಟರಿಗಿಂತ ಹೆಚ್ಚು ನೀರು ಕುಡಿದು ಕೂರಬಹುದು. ಹಳೆಯ ಗೂಡುಗಳಲ್ಲಿ ಸೌದೆ ಹಾಕಿ ಸುಟ್ಟ ಇಟ್ಟಿಗೆಗಳು ಒಂದೊಂದು ಒಂದೊಂದು ಹದ. ಕೆಲವು ಇನ್ನೂ ಹೆಚ್ಚು ಹೀರುತ್ತವೆ.

ಹಳೆಯ ಕಟ್ಟಡಗಳಲ್ಲಿ ಈ ಇಟ್ಟಿಗೆಗಳನ್ನು ಕೂಡಿಸಿದ್ದು ಸುಣ್ಣದ ಗಾರೆ. ಉತ್ತರ ಕರ್ನಾಟಕದವರ ಬಾಯಲ್ಲಿ ಗಚ್ಚು. ಸುಣ್ಣ, ಮರಳು, ಇಟ್ಟಿಗೆ ಪುಡಿ ಮಾಡಿದ ಸುರ್ಕಿ ಸೇರಿಸಿ ಅರೆದು, ಹಲವು ಕಡೆ ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರನ್ನೂ ಹಾಕಿ ಹದ ಮಾಡುತ್ತಿದ್ದರು. ಈ ಗಾರೆ ಇಟ್ಟಿಗೆಗಿಂತ ಮೆತ್ತಗೆ, ತೇವವನ್ನು ಸುಲಭವಾಗಿ ಹೊರಬಿಡುತ್ತದೆ. ಮಳೆಗಾಲದಲ್ಲಿ ಪಾಯ ಎಳೆದುಕೊಂಡ ನೀರು ಸಂದುಗಳ ಮೂಲಕ, ಸುಣ್ಣ ಬಳಿದ ಮೈ ಮೂಲಕ ಬೇಸಿಗೆಯೊಳಗೆ ಆವಿಯಾಗಿ ಹೋಗುತ್ತಿತ್ತು. ತೇವದ ಜೊತೆ ಬಂದ ಉಪ್ಪು ಗಾರೆಯನ್ನು ತಿನ್ನುತ್ತಿತ್ತು, ಇಟ್ಟಿಗೆಯನ್ನಲ್ಲ. ಕೆಲವು ವರ್ಷಕ್ಕೊಮ್ಮೆ ಸವೆದ ಗಾರೆ ಕೆರೆದು ಹೊಸದನ್ನು ತುಂಬಿದರೆ ಮುಗಿಯಿತು. ದೀಪಾವಳಿಗೋ ಯುಗಾದಿಗೋ ಮನೆಗೆ ಸುಣ್ಣ ಬಳಿಯುತ್ತಿದ್ದ ರೂಢಿ ಅಂದಕ್ಕೆ ಮಾತ್ರ ಇದ್ದದ್ದಲ್ಲ.

ಗಟ್ಟಿಯಾದ ಸಿಮೆಂಟ್ ಪ್ಲಾಸ್ಟರ್ ಈ ದಾರಿಯನ್ನು ಮುಚ್ಚುತ್ತದೆ. ಕೆಳಗಿನಿಂದ ತೇವ ಬರುವುದು ನಿಲ್ಲುವುದಿಲ್ಲ, ಹೊರಗೆ ಹೋಗುವುದು ನಿಲ್ಲುತ್ತದೆ. ಆವಿಯಾಗಲು ಜಾಗ ಸಿಗದ ನೀರು ಪ್ಲಾಸ್ಟರ್ ಮುಗಿಯುವ ಎತ್ತರದವರೆಗೆ ಏರುತ್ತದೆ. ಮೂರಡಿಯ ಕಲೆ ಐದಡಿಗೆ ಏರುವುದು ಹೀಗೆ. ಸಿಮೆಂಟಿನಲ್ಲೇ ಕರಗುವ ಲವಣಗಳ ಅಂಶವೂ ಸ್ವಲ್ಪ ಇರುವುದರಿಂದ ಉಪ್ಪಿನ ಹೊರೆ ಇನ್ನಷ್ಟು ಹೆಚ್ಚುತ್ತದೆ. ಸಂದುಗಳಿಗೆ ಮಾತ್ರ ಸಿಮೆಂಟ್ ಪಾಯಿಂಟಿಂಗ್ ಮಾಡಿಸಿದರೆ ತೇವವೆಲ್ಲ ಇಟ್ಟಿಗೆಯ ಮೈಯಿಂದಲೇ ಹೊರಬರಬೇಕಾಗುತ್ತದೆ. ಆಗ ಸಂದು ಕಲ್ಲಿನಂತೆ ಉಳಿದು, ನಡುವಿನ ಇಟ್ಟಿಗೆ ಪುಡಿಯಾಗಿ ಗುಳಿ ಬೀಳುತ್ತದೆ. ಹಳೆ ಕಾಂಪೌಂಡ್ ಗೋಡೆಗಳಲ್ಲಿ ಈ ಜೇನುಗೂಡಿನ ನೋಟ ಯಾವ ಊರಿನಲ್ಲಾದರೂ ಕಾಣಸಿಗುತ್ತದೆ.

ಉಪ್ಪು ಮಾಡುವ ಹಾನಿ

ಬರಿಯ ನೀರು ಇಟ್ಟಿಗೆಗೆ ಅಷ್ಟೇನೂ ಕೆಡುಕು ಮಾಡುವುದಿಲ್ಲ. ನೂರಾರು ವರ್ಷಗಳಿಂದ ನೀರಿನಲ್ಲೇ ನಿಂತಿರುವ ಇಟ್ಟಿಗೆ ಬಾವಿಗಳಿವೆ. ಕೆಡುಕು ಮಾಡುವುದು ಮತ್ತೆ ಮತ್ತೆ ಒದ್ದೆಯಾಗಿ ಒಣಗುವುದು. ಮಣ್ಣಿನಲ್ಲಿರುವ ಸಲ್ಫೇಟ್, ಕ್ಲೋರೈಡ್, ಹಳೆ ಬಚ್ಚಲು ಮತ್ತು ಕೊಟ್ಟಿಗೆಗಳ ನೆಲದಿಂದ ಬರುವ ನೈಟ್ರೇಟ್ ಇವೆಲ್ಲ ನೀರಿನಲ್ಲಿ ಕರಗಿ ಗೋಡೆ ಏರುತ್ತವೆ. ನೀರು ಆರಿದಾಗ ಉಪ್ಪು ಇಟ್ಟಿಗೆಯ ರಂಧ್ರಗಳಲ್ಲಿ ಹರಳುಗಟ್ಟಿ ಒಳಗಿನಿಂದ ಒತ್ತುತ್ತದೆ. ಸೋಡಿಯಂ ಸಲ್ಫೇಟ್ ಇವುಗಳಲ್ಲಿ ಅತ್ಯಂತ ಕೆಟ್ಟದ್ದು. ಒಣಗಿದ ಹರಳು ಮತ್ತೆ ತೇವ ಹೀರಿಕೊಂಡಾಗ ಅದರ ಗಾತ್ರ ಮೂರು ಪಟ್ಟಿಗೂ ಹೆಚ್ಚಾಗುತ್ತದೆ. ಇಷ್ಟು ಒತ್ತಡ ತಾಳುವ ಶಕ್ತಿ ಇಟ್ಟಿಗೆಗಿಲ್ಲ.

ಇದರ ಅತಿ ದೊಡ್ಡ ಉದಾಹರಣೆ ಪಾಕಿಸ್ತಾನದ ಸಿಂಧ್ ಪ್ರಾಂತ್ಯದ ಮೊಹೆಂಜೊದಾರೊ. ನಾಲ್ಕು ಸಾವಿರಕ್ಕೂ ಹೆಚ್ಚು ವರ್ಷ ಹಳೆಯ ಸುಟ್ಟ ಇಟ್ಟಿಗೆಯ ಆ ನಗರ ಮಣ್ಣಿನೊಳಗೆ ಹೂತಿದ್ದಷ್ಟು ಕಾಲ ಚೆನ್ನಾಗಿಯೇ ಇತ್ತು. 1922ರಲ್ಲಿ ಉತ್ಖನನ ಶುರುವಾಗಿ ಗೋಡೆಗಳು ಗಾಳಿ ಬಿಸಿಲಿಗೆ ತೆರೆದುಕೊಂಡ ಮೇಲೆ ಉಪ್ಪು ಕೆಲಸ ಆರಂಭಿಸಿತು. ಅಂತರ್ಜಲ ಮೇಲಿತ್ತು, ಅದರಲ್ಲಿ ಲವಣವೂ ಹೆಚ್ಚಿತ್ತು. ಯುನೆಸ್ಕೊ 1974ರಲ್ಲಿ ಆರಂಭಿಸಿದ ಅಂತಾರಾಷ್ಟ್ರೀಯ ಅಭಿಯಾನ 1997ರವರೆಗೆ ನಡೆಯಿತು. ಕೊಳವೆ ಬಾವಿ ಕೊರೆದು ಅಂತರ್ಜಲ ತಗ್ಗಿಸುವುದು ಅದರ ಮುಖ್ಯ ಕೆಲಸಗಳಲ್ಲಿ ಒಂದು. ನೀರು ಇಳಿದರೂ ಅಷ್ಟರಲ್ಲಿ ಇಟ್ಟಿಗೆಯೊಳಗೆ ಸೇರಿದ್ದ ಉಪ್ಪು ಅಲ್ಲೇ ಉಳಿಯಿತು. ಚಳಿಗಾಲದ ಇಬ್ಬನಿ, ಅಪರೂಪದ ಮಳೆ ಸಾಕು, ಅದು ಕರಗಿ ಮತ್ತೆ ಹರಳುಗಟ್ಟಲು. ಇಂದಿಗೂ ಅಲ್ಲಿ ಗೋಡೆಗಳಿಗೆ ಉಪ್ಪಿಲ್ಲದ ಮಣ್ಣಿನ ಲೇಪ ಹಾಕುತ್ತಾರೆ. ಉಪ್ಪು ಆ ಲೇಪಕ್ಕೆ ಬರುತ್ತದೆ, ಲೇಪ ಉದುರುತ್ತದೆ, ಮತ್ತೆ ಹಾಕುತ್ತಾರೆ.

ಇಟಲಿಯ ವೆನಿಸ್ ಕಥೆ ಇನ್ನೊಂದು ಬಗೆಯದು. ಅಲ್ಲಿನ ಕಟ್ಟಡಗಳು ಮರದ ಗೂಟಗಳ ಮೇಲೆ ನಿಂತಿವೆ. ಗೂಟಗಳ ಮೇಲೆ ಇಸ್ಟ್ರಿಯಾ ಎಂಬ ಪ್ರದೇಶದಿಂದ ತಂದ ಬಿಳಿ ಕಲ್ಲಿನ ಸಾಲು, ಅದರ ಮೇಲೆ ಇಟ್ಟಿಗೆ. ಆ ಕಲ್ಲು ನೀರನ್ನು ಬಹುಮಟ್ಟಿಗೆ ಹೀರುವುದಿಲ್ಲ. ಸಮುದ್ರದ ನೀರು ಆ ಕಲ್ಲಿಗೆ ತಾಗಿ ಹಿಂದೆ ಸರಿಯುತ್ತಿತ್ತು, ಇಟ್ಟಿಗೆವರೆಗೆ ಬರುತ್ತಿರಲಿಲ್ಲ. ಕಳೆದ ನೂರು ಚಿಲ್ಲರೆ ವರ್ಷಗಳಲ್ಲಿ ನೆಲ ಕುಸಿದದ್ದು, ಸಮುದ್ರ ಏರಿದ್ದು ಎರಡೂ ಸೇರಿ ನೀರಿನ ಮಟ್ಟ ಸುಮಾರು ಒಂದಡಿ ಮೇಲೆ ಬಂದಿದೆ. ಈಗ ಅಲೆ ಕಲ್ಲನ್ನು ದಾಟಿ ಇಟ್ಟಿಗೆಗೆ ಬಡಿಯುತ್ತದೆ. 1966ರ ನವೆಂಬರ್ 4ರಂದು ನೀರು 194 ಸೆಂಟಿಮೀಟರ್ ಮಟ್ಟ ಮುಟ್ಟಿತ್ತು, 2019ರ ನವೆಂಬರ್‌ನಲ್ಲಿ 187. 2020ರಿಂದ ಸಮುದ್ರದ ಬಾಯಿಗೆ ಅಡ್ಡಲಾಗಿ ಏಳುವ ಗೇಟುಗಳು ದೊಡ್ಡ ಉಬ್ಬರಗಳನ್ನು ತಡೆಯುತ್ತಿವೆ. ಇಟ್ಟಿಗೆಯೊಳಗೆ ಆಗಲೇ ಸೇರಿದ ಉಪ್ಪಿಗೆ ಗೇಟುಗಳಿಂದ ಉಪಯೋಗವಿಲ್ಲ.

ನಮ್ಮ ಬೀದಿಗಳಲ್ಲಿ ಏರುತ್ತಿರುವುದು ರಸ್ತೆ

ಭಾರತದ ನಗರಗಳ ಹಳೆ ಬಡಾವಣೆಗಳಲ್ಲಿ ಸಮುದ್ರದ ಬದಲು ರಸ್ತೆ ಏರುತ್ತಿದೆ. ಹಳೆ ಡಾಂಬರು ಕೆರೆದು ತೆಗೆಯದೆ ಅದರ ಮೇಲೆಯೇ ಹೊಸ ಪದರ ಹಾಕುತ್ತ ಹೋದರೆ ಕೆಲವೇ ದಶಕಗಳಲ್ಲಿ ರಸ್ತೆ ಮನೆಯ ಜಗಲಿಗೆ ಸಮನಾಗುತ್ತದೆ. ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗೆ ಈಗ ಒಂದು ಮೆಟ್ಟಿಲು ಇಳಿದು ಹೋಗಬೇಕು. ಹೊರಗಿನ ಮಣ್ಣಿನ ಮಟ್ಟ ಕಟ್ಟಡದ ತೇವ ತಡೆಯುವ ಪಟ್ಟಿಗಿಂತ ಮೇಲೆ ಬಂದರೆ ಆ ಪಟ್ಟಿ ಇದ್ದೂ ಇಲ್ಲದಂತೆ. ಪ್ಲಿಂತ್ ಸುತ್ತಲಿನ ನೆಲಕ್ಕಿಂತ ಕನಿಷ್ಠ 45 ಸೆಂಟಿಮೀಟರ್ ಎತ್ತರ ಇರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವುದು ಹೊಸ ಮನೆಗಳಿಗೆ. ಹಳೆ ಮನೆ ಕಟ್ಟಿದಾಗ ಆ ಎತ್ತರ ಇತ್ತು, ರಸ್ತೆ ಅದನ್ನು ನುಂಗಿತು.

ಇದರ ಕಷ್ಟ ಚೆನ್ನೈನ ಕನ್ನಡಿಗರಿಗೆ ಚೆನ್ನಾಗಿ ಗೊತ್ತು. ತಿರುವಲ್ಲಿಕ್ಕೇಣಿ, ಮೈಲಾಪುರದಂಥ ಕಡೆಗಳ ಹಳೆ ಮನೆಗಳಲ್ಲಿ ಗೋಡೆಯಂತೆ ಪಾಯವೂ ಬಹುಪಾಲು ಇಟ್ಟಿಗೆ-ಸುಣ್ಣದ್ದೇ. ರಸ್ತೆಗಿಂತ ಕೆಳಗಿಳಿದ ಮನೆಗಳನ್ನು ಜಾಕಿ ಕೊಟ್ಟು ಮೇಲೆತ್ತುವ ಕೆಲಸ ಅಲ್ಲಿ ಒಂದು ಉದ್ಯಮವಾಗಿಯೇ ಬೆಳೆದಿದೆ. ಸಿಮೆಂಟ್ ಗಾರೆಯ ಗಟ್ಟಿ ಮನೆಗಳಿಗೆ ಅದು ಹೊಂದಬಹುದು, ಸುಣ್ಣದ ಗಾರೆ ಪುಡಿಯಾಗಿರುವ ಗೋಡೆಗೆ ಜಾಕಿ ಕೊಡುವುದು ದೊಡ್ಡ ಜೂಜು. ಹಳೆ ದೆಹಲಿಯಲ್ಲಿ ತೆಳ್ಳಗಿನ ಲಖೋರಿ ಇಟ್ಟಿಗೆಯ ಹವೇಲಿಗಳಿಗೂ ರಸ್ತೆ, ಚರಂಡಿ, ಸೋರುವ ಪೈಪು ಇವೇ ಶತ್ರುಗಳು. ಪುಣೆಯ ವಾಡೆಗಳಲ್ಲಿ ಮತ್ತು ಹಳೆ ಮೈಸೂರು ಭಾಗದ ಹೆಚ್ಚಿನ ಮನೆಗಳಲ್ಲಿ ಪಾಯ ಕಲ್ಲಿನದು, ಇಟ್ಟಿಗೆ ಅದರ ಮೇಲಿನಿಂದ ಶುರು. ಕಲ್ಲಿನ ನಡುವಿನ ಗಾರೆ, ಮಣ್ಣು ತೇವವನ್ನು ಎಳೆಯುವುದರಿಂದ ಮತ್ತು ರಸ್ತೆ ಕಲ್ಲನ್ನು ದಾಟಿ ಬಂದಿರುವುದರಿಂದ ಅಲ್ಲಿಯೂ ಕಲೆ ಬರುವುದು ಇದೇ ರೀತಿ.

ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಬೇಕು

ಗೋಡೆಯ ತೇವಕ್ಕೆಲ್ಲ ಪಾಯವೇ ಕಾರಣ ಎಂದುಕೊಳ್ಳುವುದು ದುಬಾರಿ ತಪ್ಪು. ಮಣ್ಣಿನಿಂದ ಏರಿದ ತೇವ ಗೋಡೆಯುದ್ದಕ್ಕೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ, ಸಾಮಾನ್ಯವಾಗಿ ಮೂರರಿಂದ ನಾಲ್ಕು ಅಡಿಯೊಳಗೆ ನಿಲ್ಲುತ್ತದೆ, ಮೇಲಂಚಿನಲ್ಲಿ ಉಪ್ಪಿನ ಗೆರೆ ಇರುತ್ತದೆ. ಒಂದೇ ಜಾಗದಲ್ಲಿ ಗುಂಡಗೆ ಹರಡಿದ, ಬೇಸಿಗೆಯಲ್ಲೂ ಆರದ ಕಲೆಯಾದರೆ ಒಳಗೆ ಪೈಪು ಸೋರುತ್ತಿರುವ ಸಾಧ್ಯತೆ ಹೆಚ್ಚು. ರಾತ್ರಿ ಎಲ್ಲ ನಲ್ಲಿ ನಿಲ್ಲಿಸಿ, ತೊಟ್ಟಿ ತುಂಬುವುದನ್ನೂ ತಡೆದು, ಮಲಗುವಾಗ ಮತ್ತು ಬೆಳಿಗ್ಗೆ ನೀರಿನ ಮೀಟರ್ ನೋಡಿದರೆ ಇದರ ಸುಳಿವು ಸಿಗುತ್ತದೆ. ಗೋಡೆಗೆ ಒಂದಡಿ ಚದರದ ಪ್ಲಾಸ್ಟಿಕ್ ಹಾಳೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ ಎರಡು ದಿನ ಬಿಡುವುದು ಇನ್ನೊಂದು ಉಪಾಯ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ ತೇವ ಗೋಡೆಯೊಳಗಿನದು. ಹೊರಮೈಯಲ್ಲಿ ಕಟ್ಟಿದ್ದರೆ ಅದು ಕೋಣೆಯ ಗಾಳಿಯದು, ಕಿಟಕಿ ತೆರೆದಿಟ್ಟರೆ ಅರ್ಧ ಪರಿಹಾರ.

ಇನ್ನು ಮಳೆನೀರಿನ ಲೆಕ್ಕ. ನೂರು ಚದರ ಮೀಟರ್ ತಾರಸಿಯ ಮೇಲೆ ಹತ್ತು ಮಿಲಿಮೀಟರ್ ಮಳೆ ಬಿದ್ದರೆ ಒಂದು ಸಾವಿರ ಲೀಟರ್. ವರ್ಷಕ್ಕೆ 900 ಮಿಲಿಮೀಟರ್ ಮಳೆಯಾಗುವ ಊರಿನಲ್ಲಿ 90 ಸಾವಿರ ಲೀಟರ್. ಮುಂಬೈಯಲ್ಲಿ ಇದರ ಎರಡು ಪಟ್ಟಿಗೂ ಹೆಚ್ಚು. ಮುರಿದ ದೋಣಿ ಪೈಪಿನಿಂದ ಇದರಲ್ಲಿ ಕಾಲು ಭಾಗ ಗೋಡೆಯ ಬುಡಕ್ಕೆ ಸುರಿದರೂ ಯಾವ ಕೆಮಿಕಲ್ ಕೋಟಿಂಗೂ ತಡೆಯಲಾರದು. ಪೈಪಿನ ತುದಿಯನ್ನು ಗೋಡೆಯಿಂದ ದೂರ ಒಯ್ದು ಚರಂಡಿಗೋ ಸಂಪಿಗೋ ಸೇರಿಸುವುದು ಇಡೀ ಕೆಲಸದಲ್ಲಿ ಅತಿ ಅಗ್ಗದ್ದು. ಕಂಟ್ರ್ಯಾಕ್ಟರ್ ಪಟ್ಟಿಯಲ್ಲಿ ಇದೇ ಹೆಚ್ಚಾಗಿ ಇರುವುದಿಲ್ಲ.

ಬೆಂಗಳೂರಿನಲ್ಲಿ 2009ರ ಬಳಿಕ ದೊಡ್ಡ ನಿವೇಶನಗಳಲ್ಲಿ ಮಳೆನೀರು ಸಂಗ್ರಹ ಕಡ್ಡಾಯವಾದಾಗ ಹಲವರು ಜಾಗ ಸಾಲದೆ ಇಂಗುಗುಂಡಿಯನ್ನು ಗೋಡೆಗೆ ತಾಗಿಯೇ ತೋಡಿಸಿದರು. ಹಳೆ ಇಟ್ಟಿಗೆ ಪಾಯದ ಪಕ್ಕದಲ್ಲೇ ನೀರು ಇಂಗಿಸಿದರೆ ಆ ಪಾಯಕ್ಕೆ ವರ್ಷವಿಡೀ ಮಳೆಗಾಲ. ಕನಿಷ್ಠ ಹತ್ತು ಅಡಿ ದೂರ ಇಡಲು ಜಾಗವಿಲ್ಲದಿದ್ದರೆ ಇಂಗಿಸುವ ಬದಲು ಸಂಪಿನಲ್ಲಿ ತುಂಬಿಸಿಕೊಳ್ಳುವುದೇ ಮೇಲು. ಗೋಡೆಗೆ ಒತ್ತಿಕೊಂಡ ಹೂವಿನ ಪಾತಿಗೂ ಇದೇ ಮಾತು ಅನ್ವಯಿಸುತ್ತದೆ.

ಹೊರಗಿನ ಕೆಲಸ

ಗೋಡೆಯಿಂದ ಹೊರಕ್ಕೆ ಹತ್ತು ಅಡಿಯಲ್ಲಿ ಆರು ಇಂಚಾದರೂ ಇಳಿಜಾರು ಇರುವಂತೆ ಮಣ್ಣು ಸರಿಪಡಿಸಬೇಕು. ಕಾಲಕಾಲಕ್ಕೆ ಅಂಗಳಕ್ಕೆ ಹಾಕಿದ ಮಣ್ಣು, ಚಪ್ಪಡಿ, ಟೈಲ್ಸ್ ಗೋಡೆಯನ್ನು ಮುಚ್ಚಿದ್ದರೆ ಅದನ್ನು ತೆಗೆದು ಹಳೆಯ ಮಟ್ಟಕ್ಕೆ ತರಬೇಕು. ಗೋಡೆಗೆ ತಾಗಿ ಕಾಂಕ್ರೀಟ್ ಹಾಸುವ ಬದಲು ಒಂದೂವರೆ ಅಡಿ ಅಗಲದ ಪಟ್ಟಿ ಬಿಟ್ಟು ಜಲ್ಲಿ ತುಂಬಿದರೆ ಮಣ್ಣಿನ ತೇವ ಅಲ್ಲಿಂದಲೇ ಆರುತ್ತದೆ. ಕಾಂಕ್ರೀಟ್ ಹಾಸಿದರೆ ಅದೇ ತೇವಕ್ಕೆ ಉಳಿಯುವ ದಾರಿ ಗೋಡೆಯೊಂದೇ.

ರಸ್ತೆಯ ಕಡೆಯಿಂದ ನೀರು ಒತ್ತುತ್ತಿದ್ದರೆ, ನೆಲ ಸದಾ ಜೌಗಾಗಿದ್ದರೆ ನೆಲದಡಿಯ ಬಸಿಗಾಲುವೆ ಬೇಕಾಗುತ್ತದೆ. ಕಾಲುವೆ ತೋಡಿ, ತಳಕ್ಕೆ ಶೋಧಕ ಬಟ್ಟೆ ಹಾಸಿ, ರಂಧ್ರಗಳಿರುವ ಪೈಪು ಇಟ್ಟು, ಸುತ್ತ ಜಲ್ಲಿ ತುಂಬಿ ಬಟ್ಟೆ ಮಡಚಿ ಮುಚ್ಚುವುದು ಇದರ ವಿಧಾನ. ಪೈಪಿಗೆ ನೂರಕ್ಕೆ ಒಂದರ ಇಳಿಜಾರು ಸಾಕು. ಎಚ್ಚರ ಬೇಕಿರುವುದು ಅಗೆಯುವುದರಲ್ಲಿ. ಹಳೆ ಮನೆಗಳ ಪಾಯ ಕೆಲವೊಮ್ಮೆ ಎರಡು ಮೂರು ಅಡಿಗಿಂತ ಆಳ ಇರುವುದಿಲ್ಲ. ಕಾಲುವೆ ಪಾಯದ ತಳಕ್ಕಿಂತ ಕೆಳಗೆ ಹೋದರೆ, ಅದೂ ಗೋಡೆಗೆ ತಾಗಿ ಹೋದರೆ, ಪಾಯದಡಿಯ ಮಣ್ಣು ಜಾರಿ ಗೋಡೆಯೇ ಕೂರಬಹುದು. ಜೆಸಿಬಿ ತಂದು ಮನೆಯ ಸುತ್ತ ಒಂದೇ ದಿನದಲ್ಲಿ ಅಗೆಸುವವರಿದ್ದಾರೆ. ಹಳೆ ಇಟ್ಟಿಗೆ ಮನೆಗೆ ಇದಕ್ಕಿಂತ ಅಪಾಯದ ಕೆಲಸ ಇನ್ನೊಂದಿಲ್ಲ. ಪಾಯದ ಪಕ್ಕ ತೋಡಲೇಬೇಕಾದರೆ ಒಂದು ಸಲಕ್ಕೆ ಮೂರು ನಾಲ್ಕು ಅಡಿ ಉದ್ದವಷ್ಟೇ, ಕೈಯಿಂದ, ಒಂದು ತುಂಡು ಬಿಟ್ಟು ಒಂದು ತುಂಡು ತೋಡಿ, ತುಂಬಿಸಿ ಮುಂದೆ ಹೋಗಬೇಕು. ಮಳೆಗಾಲದಲ್ಲಿ ಅಂತೂ ಕೂಡದು.

ಉತ್ತರ ಕರ್ನಾಟಕ, ಮಹಾರಾಷ್ಟ್ರದ ಎರೆಮಣ್ಣಿನ ನೆಲದಲ್ಲಿ ಇನ್ನೊಂದು ತೊಡಕಿದೆ. ಈ ಮಣ್ಣು ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅಲ್ಲಿ ಪಾಯದ ಸುತ್ತಲಿನ ಮಣ್ಣನ್ನು ತೀರಾ ಒಣಗಿಸುವುದೂ ಅಪಾಯವೇ. ತೇವ ಏರುಪೇರಾಗದಂತೆ ನೋಡಿಕೊಳ್ಳುವುದು ಗುರಿಯಾಗಬೇಕು, ಬಸಿಗಾಲುವೆಯ ನಿರ್ಧಾರವನ್ನು ಎಂಜಿನಿಯರ್‌ಗೆ ಬಿಡಬೇಕು.

ಗೋಡೆಯ ಕೆಲಸ, ಆಮೇಲೆ

ಹೊರಗಿನ ನೀರು ನಿಂತ ಮೇಲೆ ಸಿಮೆಂಟ್ ಪ್ಲಾಸ್ಟರನ್ನು ಕಲೆಯ ಗೆರೆಗಿಂತ ಒಂದಡಿ ಮೇಲಿನವರೆಗೆ ಕಿತ್ತು ಗೋಡೆಯನ್ನು ಒಣಗಲು ಬಿಡಬೇಕು. ಇಲ್ಲಿ ತಾಳ್ಮೆ ಬೇಕು. ಗೋಡೆಯ ದಪ್ಪದ ಪ್ರತಿ ಒಂದು ಇಂಚಿಗೆ ಒಂದು ತಿಂಗಳು ಎಂಬುದು ಕಟ್ಟಡ ಸಂರಕ್ಷಣೆಯವರ ರೂಢಿಯ ಲೆಕ್ಕ. ಒಂಬತ್ತು ಇಂಚಿನ ಗೋಡೆಗೆ ಒಂಬತ್ತು ತಿಂಗಳು. ಬರಿಯ ಇಟ್ಟಿಗೆ ಕಾಣುವ ನಡುಮನೆಯಲ್ಲಿ ಅಷ್ಟು ದಿನ ಇರಲು ಯಾರಿಗೂ ಇಷ್ಟವಾಗುವುದಿಲ್ಲ, ಆದ್ದರಿಂದಲೇ ಹೆಚ್ಚಿನ ರಿಪೇರಿಗಳು ಇಲ್ಲಿ ಕೆಡುತ್ತವೆ. ಒಣಗುವ ದಿನಗಳಲ್ಲಿ ಹೊರಬರುವ ಬಿಳಿ ಪುಡಿಯನ್ನು ಒಣ ಬ್ರಶ್ಶಿನಿಂದ ಉದುರಿಸಿ, ಗುಡಿಸಿ ಹೊರಗೆ ಎಸೆಯಬೇಕು. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಗೋಡೆಯೊಳಕ್ಕೇ ಮರಳುತ್ತದೆ.

ಸವೆದ ಸಂದುಗಳ ಗಾರೆಯನ್ನು ಸಂದಿನ ಅಗಲದ ಎರಡು ಪಟ್ಟು ಆಳದವರೆಗೆ, ಸುಮಾರು ಒಂದು ಇಂಚು, ಕೈ ಉಳಿಯಿಂದ ಕೆರೆದು ತೆಗೆಯಬೇಕು. ಗ್ರೈಂಡರ್ ಹಚ್ಚಿದರೆ ಇಟ್ಟಿಗೆಯ ಅಂಚು ಹಾರಿಹೋಗುತ್ತದೆ. ಸಂದನ್ನು ಸ್ವಲ್ಪ ನೆನೆಸಿ, ಒಂದು ಪಾಲು ಚೆನ್ನಾಗಿ ನೆನೆದ ಸುಣ್ಣಕ್ಕೆ ಮೂರು ಪಾಲು ಮರಳು ಅಥವಾ ಮರಳು-ಸುರ್ಕಿ ಬೆರೆಸಿದ ಗಾರೆಯನ್ನು ಒತ್ತಿ ತುಂಬಬೇಕು. ನೆಲಕ್ಕೆ ಹತ್ತಿರದ, ಹೆಚ್ಚು ತೇವದ ಸಾಲುಗಳಿಗೆ ಸುರ್ಕಿ ಇದ್ದರೆ ಒಳ್ಳೆಯದು, ಅದು ತೇವದಲ್ಲೂ ಗಟ್ಟಿಯಾಗುತ್ತದೆ. ಮೇಲೆ ಒದ್ದೆ ಗೋಣಿಚೀಲ ಇಳಿಬಿಟ್ಟು ಒಂದೆರಡು ವಾರ ನಿಧಾನವಾಗಿ ಆರಿಸಬೇಕು. ಬೇಗ ಗಟ್ಟಿಯಾಗಲಿ ಎಂದು ಮೇಸ್ತ್ರಿ ಒಂದು ಬೊಗಸೆ ಸಿಮೆಂಟ್ ಸೇರಿಸಲು ನೋಡುವುದು ಸಾಮಾನ್ಯ. ಮನೆಯವರು ಹತ್ತಿರ ಇರಬೇಕಾದ ಗಳಿಗೆ ಅದು. ಪುಡಿಯಾದ ಇಟ್ಟಿಗೆಗಳನ್ನು ಒಂದೊಂದಾಗಿ ಬಿಡಿಸಿ ಅದೇ ಅಳತೆಯ, ಅದೇ ಹದದ ಇಟ್ಟಿಗೆ ಕೂರಿಸಬೇಕು. ಕಾರ್ಖಾನೆಯ ಗಟ್ಟಿ ಇಟ್ಟಿಗೆ ಪಕ್ಕದ ಮೆತ್ತನೆ ಇಟ್ಟಿಗೆಗೆ ಹೊಂದುವುದಿಲ್ಲ.

ಕೊನೆಗೆ ಸುಣ್ಣದ ಪ್ಲಾಸ್ಟರ್, ಅದರ ಮೇಲೆ ಸುಣ್ಣದ ಬಣ್ಣ. ಮೊದಲ ಸಲ ಹಾಕಿದ ಪ್ಲಾಸ್ಟರ್ ಉಳಿದ ಉಪ್ಪನ್ನು ಎಳೆದುಕೊಂಡು ಕೆಲವು ವರ್ಷದಲ್ಲಿ ಉದುರಬಹುದು. ಮೊಹೆಂಜೊದಾರೊದ ಮಣ್ಣಿನ ಲೇಪದಂತೆ ಇದನ್ನೂ ಬಲಿಪದರ ಎಂದೇ ತಿಳಿದು ಮತ್ತೆ ಹಾಕಿಸಬೇಕು. ಪ್ಲಾಸ್ಟಿಕ್ ಎಮಲ್ಷನ್, ಆಯಿಲ್ ಪೇಂಟ್, ಗೋಡೆಬುಡಕ್ಕೆ ಗ್ರಾನೈಟ್ ಅಥವಾ ಟೈಲ್ಸ್ ಅಂಟಿಸುವುದು ಸಿಮೆಂಟ್ ಮಾಡಿದ ಕೆಲಸವನ್ನೇ ಮಾಡುತ್ತವೆ.

ಗೋಡೆಗೆ ಸಾಲಾಗಿ ತೂತು ಕೊರೆದು ಸಿಲಿಕೋನ್ ಜಾತಿಯ ಕೆಮಿಕಲ್ ತುಂಬಿ ತೇವ ತಡೆಯುವ ವಿಧಾನವನ್ನು ಈಗ ಎಲ್ಲೆಡೆ ಮಾರುತ್ತಾರೆ. ಗಟ್ಟಿಯಾದ, ಸಂದು ತುಂಬಿರುವ ತೆಳು ಗೋಡೆಯಲ್ಲಿ ಇದು ಕೆಲಸ ಮಾಡಬಲ್ಲದು. ಒಳಗೆ ಚೂರುಗಲ್ಲು, ಮಣ್ಣು ತುಂಬಿದ ದಪ್ಪ ಗೋಡೆಯಲ್ಲಿ ಕೆಮಿಕಲ್ ಎಲ್ಲಿಗೆ ಹರಿಯಿತು ಎಂದು ಯಾರೂ ಹೇಳಲಾಗದು. ಹೊರಗಿನ ನೀರು, ಮಣ್ಣಿನ ಮಟ್ಟ ಸರಿಪಡಿಸಿ ಒಂದು ಮಳೆಗಾಲ ನೋಡದೆ ಇದಕ್ಕೆ ಹಣ ಹಾಕುವುದು ಅವಸರ.

ಎಂಜಿನಿಯರ್ ಬೇಕಾಗುವುದು ಯಾವಾಗ?

ಇಟ್ಟಿಗೆ ಸಾಲುಗಳ ಗುಂಟ ಮೆಟ್ಟಿಲು ಮೆಟ್ಟಿಲಾಗಿ ಏರುವ ಬಿರುಕು, ಐದು ಮಿಲಿಮೀಟರಿಗಿಂತ ಅಗಲವಾದ ಬಿರುಕು, ಇದ್ದಕ್ಕಿದ್ದಂತೆ ಹಾಕಲು ಬಾರದ ಬಾಗಿಲು, ಹೊರಕ್ಕೆ ಉಬ್ಬಿದ ಗೋಡೆ ಇವು ಮೇಸ್ತ್ರಿ ಮಟ್ಟದಲ್ಲಿ ಮುಗಿಯುವ ವಿಷಯಗಳಲ್ಲ. ಪಾಯ ಕೂರುತ್ತಿರಬಹುದು. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನು ಎರಡೂ ಬದಿ ಅಂಟಿಸಿ ದಿನಾಂಕ ಬರೆದಿಟ್ಟರೆ ಬಿರುಕು ಇನ್ನೂ ಬೆಳೆಯುತ್ತಿದೆಯೇ ಎಂದು ತಿಳಿಯುತ್ತದೆ, ಗಾಜು ಒಡೆದರೆ ಬೆಳೆಯುತ್ತಿದೆ ಎಂದರ್ಥ. ಗೋಡೆಯಲ್ಲಿ ಅರಳಿ, ಆಲದ ಸಸಿ ಬಂದಿದ್ದರೆ ಮೇಲಿನದನ್ನು ಕತ್ತರಿಸಿ ಪ್ರಯೋಜನವಿಲ್ಲ, ಬೇರು ಸಂದಿನೊಳಗೆ ಬೆಳೆಯುತ್ತಲೇ ಇರುತ್ತದೆ. ಸಸಿ ಸಣ್ಣದಿರುವಾಗಲೇ ಇಟ್ಟಿಗೆ ಬಿಡಿಸಿ ಬೇರುಸಮೇತ ತೆಗೆದು ಮತ್ತೆ ಗಾರೆ ತುಂಬಬೇಕು.

ದಕ್ಷಿಣ ಕರ್ನಾಟಕ, ಮಹಾರಾಷ್ಟ್ರದ ಕಡೆ ಹೊರಗಿನ ಅಗೆತದ ಕೆಲಸಕ್ಕೆ ಜನವರಿಯಿಂದ ಏಪ್ರಿಲ್, ಸುಣ್ಣದ ಕೆಲಸಕ್ಕೆ ಮಳೆ ನಿಂತ ಮೇಲಿನ ತಂಪು ತಿಂಗಳುಗಳು ಅನುಕೂಲ. ಚೆನ್ನೈನಲ್ಲಿ ಹಿಂಗಾರು ಡಿಸೆಂಬರ್‌ವರೆಗೂ ಸುರಿಯುವುದರಿಂದ ಎಲ್ಲವನ್ನೂ ಜನವರಿ ನಂತರಕ್ಕೆ ಇಟ್ಟುಕೊಳ್ಳಬೇಕು. ಕಡು ಬೇಸಿಗೆಯಲ್ಲಿ ಹಾಕಿದ ಸುಣ್ಣದ ಗಾರೆ ಬೇಗ ಒಣಗಿ ಪುಡಿಯಾಗುತ್ತದೆ.

ಕೆಲಸ ಶುರು ಮಾಡುವ ಮುನ್ನ ಕಲೆಯ ಮೇಲಂಚಿಗೆ ಪೆನ್ಸಿಲ್‌ನಿಂದ ಗೆರೆ ಎಳೆದು ದಿನಾಂಕ ಬರೆದು, ನೆಲದಿಂದ ಅದರ ಎತ್ತರ ಅಳೆದು ಫೋಟೊ ತೆಗೆದಿಡುವುದು ಒಳ್ಳೆಯದು. ಊರಿನಲ್ಲಿರುವ ಯಾರಾದರೂ ಇದನ್ನು ಮಾಡಿ ಕಳಿಸಬಹುದು. ದೋಣಿ ಪೈಪು, ಇಳಿಜಾರು, ಜಲ್ಲಿ ಪಟ್ಟಿ ಆದ ಮೇಲೆ ಮುಂದಿನ ಮಳೆಗಾಲದ ಕೊನೆಗೆ ಮತ್ತೆ ಅಳೆಯಬೇಕು. ಕಲೆ ಗೆರೆಗಿಂತ ಕೆಳಗಿಳಿದಿದ್ದರೆ ಗೋಡೆಯ ಕೆಲಸಕ್ಕೆ ಸುಣ್ಣ ನೆನೆಹಾಕಬಹುದು. ಗೆರೆ ದಾಟಿ ಮೇಲೇರಿದ್ದರೆ ನೀರಿನ ಇನ್ನೊಂದು ದಾರಿ ಎಲ್ಲೋ ತೆರೆದಿದೆ, ಮತ್ತೆ ಹೊರಗೆ ಹೋಗಿ ಅದನ್ನೇ ಹುಡುಕಬೇಕು.